ಗೋರೆಗಾಂವ್ ಸ್ಟೇಶನ್‌ನಿಂದ ಹದಿನೆಂಟು ನಿಮಿಷ

ಧಾರವಾಡ ಬಿಟ್ಟಾಗ ನನ್ನ ಅಂಗಿಯ ಕಿಸೆಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಅವ್ವನ ತಂಗಿ, ನನ್ನ ಚಿಗವ್ವ, ಮುಂಬಯಿಯಲ್ಲಿ ಒಂದು ಮನೆ ಕೊಳ್ಳುವವಳಿದ್ದಳು. ಇರುವುದಕ್ಕಲ್ಲ, ಬಾಡಿಗೆಗೆ ಕೊಡುವುದಕ್ಕೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು. ಗಂಡನಿಲ್ಲ, ಮಕ್ಕಳಿಲ್ಲ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಆಮೇಲೆ ಆ ಬಾಡಿಗೆಯೇ ಆಕೆಯ ಅನ್ನ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಸತತವಾಗಿ ಶೀಲ್ಡು ತಂದವನು. ಅದಕ್ಕೇ ಆಕೆ ಹೇಳಿದ್ದಳು: “ನೀ ಬರೇ ನಿನ್ನ ಬಾಯಿ ತಗೊಂಡು ಬಾ. ಟಿಕೀಟು ನಾ ತಗಸ್ತೀನಿ.”

ಮಿರಜದಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹತ್ತಿದೆವು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಮುಗಿಯುವುದರೊಳಗೆ ನನ್ನ ಪ್ರಶ್ನೆಗಳನ್ನು ಚಿಗವ್ವನಿಗೆ ಓದಿ ಹೇಳಿದೆ. ಸೊಸೈಟಿಯ ಶೇರ್ ಸರ್ಟಿಫಿಕೇಟು ಯಾರ ಹೆಸರಿನಲ್ಲಿದೆ? ನೀರು ಎಷ್ಟು ಹೊತ್ತು? ಬಾಡಿಗೆದಾರ ಬಿಡದಿದ್ದರೆ? ಒಳ್ಳೆಯದಾಗಿದ್ದರೆ ಮಾರುವುದೇಕೆ? ಈ ಕೊನೆಯದು ನನ್ನ ಹೆಮ್ಮೆಯ ಪ್ರಶ್ನೆ. ಚಿಗವ್ವ ತಲೆಯಾಡಿಸಿ, ಎಳೆ ಸೌತೆಕಾಯಿ ಹೆಚ್ಚುತ್ತ ಕುಳಿತಳು.

ಮರುದಿನ ಬೆಳಿಗ್ಗೆ ಸಯನ್‌ನಲ್ಲಿ ಗುರುನಾಥ ಕಾಕಾನ ಮನೆಗೆ ಮುಟ್ಟಿದೆವು. ಕಾಕಾ ಬೆಳಗಾವಿಯವರು, ಆಫೀಸಿನಲ್ಲಿ ಕಾರಕೂನರು. ಒಂದು ಕೋಣೆ, ಒಂದು ಅಡಿಗೆಮನೆ, ಆರು ಜನ. ನಾವಿಬ್ಬರು ಸೇರಿ ಎಂಟು. ೧೯೭೪ರ ಅಕ್ಟೋಬರಿನ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. “ಬಾಡಿಗಿದಾರ ಒಮ್ಮೆ ಒಳಗ ಹೊಕ್ಕಾ ಅಂದ್ರ ಮಾಲಕ ಹೊರಗ ಅಂತ ತಿಳೀರಿ,” ಎಂದರು ಕಾಕಾ. “ಹನ್ನೊಂದು ತಿಂಗಳ ಕರಾರು ಮಾಡ್ಕೋರಿ, ಕಂಪನಿ ಮಂದಿಗೇ ಕೊಡ್ರಿ.” ನಾನು ಅದನ್ನೂ ಬರೆದುಕೊಂಡೆ. ಈ ಮನೆಯ ಸುಳಿವು ಕೊಟ್ಟವರೂ ಅವರೇ. ಅವರ ಪತ್ರದಲ್ಲಿತ್ತು: ‘ಗೋರೆಗಾಂವ್, ಮೂರನೇ ಮಾಳಿಗೆ, ಸ್ಟೇಶನ್‌ನಿಂದ ಎಂಟು ನಿಮಿಷ ಎಂದು ಮಾಲಕರು ಹೇಳುತ್ತಾರೆ.’ ಎಂಟು ನಿಮಿಷ ಎಂಬುದರ ಕೆಳಗೆ ನಾನು ಗೆರೆ ಎಳೆದಿದ್ದೆ. ಮನೆ ಮಾರುವವರ ನಿಮಿಷಗಳ ಬಗ್ಗೆ ನನಗೆ ಮೊದಲಿನಿಂದಲೂ ಸಂಶಯ.

ಕಾಕಾನಿಗೆ ರಜೆ ಇರಲಿಲ್ಲ. ನಾವಿಬ್ಬರೇ ದಾದರಿಗೆ ಹೋಗಿ, ಸೇತುವೆ ದಾಟಿ, ಪಶ್ಚಿಮದ ಲೋಕಲ್ ಹಿಡಿದೆವು. ಚಿಗವ್ವ ಹೆಂಗಸರ ಡಬ್ಬಿಯಲ್ಲಿ, ನಾನು ಬಾಗಿಲ ಸರಳಿಗೆ ಜೋತುಬಿದ್ದು. ಅಂಧೇರಿ ದಾಟಿದ ಮೇಲೆ ಉಸಿರಾಡಲು ಜಾಗ ಸಿಕ್ಕಿತು.

ಗೋರೆಗಾಂವ್ ಸ್ಟೇಶನ್ನಿನ ಹೊರಗೆ ಮನೆಯ ಮಾಲಕ ಶಿವಪ್ಪನವರು ಕಾದಿದ್ದರು. ಬಿಜಾಪುರದ ಕಡೆಯವರು, ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಬಂದು ಆಳುಗಳ ಮೇಲೆ ಮುಕಾದಮರಾದವರು. ಬಿಳಿ ಧೋತರ, ಮೇಲೊಂದು ಕೋಟು. “ಬರ್ರಿ ಅಕ್ಕೋರ, ಬಾ ತಮ್ಮಾ,” ಎಂದು ಮುಂದೆ ನಡೆದರು. ನಾನು ಗಡಿಯಾರ ನೋಡಿದೆ. ಹತ್ತು ಗಂಟೆ ಐದು ನಿಮಿಷ.

ಅವರು ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಹಾಲಿನ ಅಂಗಡಿಯ ಕಟ್ಟೆಗೆ ಕೈಯೂರಿ, “ಇಲ್ಲಿ ನಸಿಕಿನ್ಯಾಗ ಹಾಲು ಸಿಗತೈತ್ರಿ.” ದವಾಖಾನೆಯ ಕಂಬಕ್ಕೆ ಒರಗಿ, “ಡಾಕ್ಟರು ಭಾಳ ಚಲೋ ಮನಶ್ಯಾ.” ಹಿಟ್ಟಿನ ಗಿರಣಿಯ ಮುಂದೆ, ದರ್ಜಿಯ ಮುಂದೆ. ದೂರ ಮರೆಸಲು ಮಾತಿನ ಮಾಲೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಗೇಟು ಮುಟ್ಟಿದಾಗ ಹತ್ತು ಇಪ್ಪತ್ತಮೂರು.

ಮನೆ ಚೊಕ್ಕಟವಾಗಿತ್ತು. ಶಿವಪ್ಪನವರು ಸ್ವಲ್ಪ ಹೊತ್ತು ಬಿಟ್ಟು ಮೇಲೆ ಬಂದರು. ಕೆಳಗೆ ಯಾರನ್ನೋ ಮಾತಾಡಿಸಿ ಬಂದೆ ಎಂದರು. ನಾನು ಪಟ್ಟಿ ತೆಗೆದೆ. ಎಲ್ಲಕ್ಕೂ ನೇರ ಉತ್ತರ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆಯೇ ಎಂದರೆ, “ಆ ಕಡಿ ಗ್ವಾಡಿ ಬೆವರತೈತಿ. ಸುಳ್ಳು ಯಾಕ ಹೇಳ್ಲಿ?” ಎಂದರು. ಒಂದಕ್ಕೆ ಮಾತ್ರ ತಡೆದರು.

“ಇಷ್ಟು ಚಲೋ ಮನಿ ಯಾಕ ಮಾರ್ತೀರಿ?”

“ನಮಗ ಸಾಕಾತು, ತಮ್ಮಾ.”

ಸಿಕ್ಕರು ಅಂದುಕೊಂಡೆ. “ಶಿವಪ್ಪನವರ, ಸ್ಟೇಶನ್ನಿಂದ ಎಂಟು ನಿಮಿಷ ಅಂದಿದ್ರಿ. ಗಡಿಯಾರ ಹಿಡಕೊಂಡ ಬಂದೀನಿ, ಹದಿನೆಂಟಾತು. ಇಷ್ಟು ದೂರದ ಮನಿಗೆ ಬಾಡಿಗಿ ಎಷ್ಟು ಬಂದೀತು? ಇದೊಂದು ಮಾತು ತಪ್ಪಿದ್ರ ಉಳಿದ ಮಾತು ಹೆಂಗ ನಂಬೂದು?”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, “ಅಲ್ಲ ತಮ್ಮಾ, ಅವರ...” ಎನ್ನುತ್ತಿದ್ದಂತೆ ಶಿವಪ್ಪನವರು ತಿರುಗಿ, “ನೀ ಚಾ ತಾ,” ಎಂದರು. ಆಮೇಲೆ ನೆಲ ನೋಡುತ್ತ ಕುಳಿತರು. ಎದುರಾಳಿ ಸುಮ್ಮನಾಗುವ ಆ ಕ್ಷಣ ನನಗೆ ಚೆನ್ನಾಗಿ ಗೊತ್ತು. ಅದರ ಬೆನ್ನಿಗೇ ಚಪ್ಪಾಳೆ ಬರುತ್ತದೆ. ಮನೆಗೆ ಇಪ್ಪತ್ತೆರಡು ಸಾವಿರ ಹೇಳಿದ್ದವರು ಇಪ್ಪತ್ತಕ್ಕೆ ಇಳಿದರು. ಚಿಗವ್ವ ಅಲ್ಲೇ ಸಂಚಕಾರದ ಮುಂಗಡ ಹಣ ಕೊಟ್ಟು, “ಬಾಯಿ ಸಿಹಿ ಮಾಡಬೇಕು, ಪೇಢೆ ತಗೊಂಡು ಬಾ,” ಎಂದು ನನ್ನನ್ನು ಕಳಿಸಿದಳು.

ಪೇಢೆಯ ಅಂಗಡಿ ಸ್ಟೇಶನ್ನಿನ ಎದುರಿಗೇ ಇತ್ತು. ದರ್ಜಿ, ಗಿರಣಿ, ದವಾಖಾನೆ, ಹಾಲಿನ ಅಂಗಡಿ ಒಂದರ ಹಿಂದೊಂದು ಬಂದು ಹೋದವು. ನಾನು ಓಡಿರಲಿಲ್ಲ. ಅಂಗಡಿಯ ಮುಂದೆ ನಿಂತು ಗಡಿಯಾರ ನೋಡಿದೆ. ಗೇಟಿನಿಂದ ಏಳೂವರೆ ನಿಮಿಷ. ಆಗ ಆ ಕಟ್ಟೆ, ಆ ಕಂಬ, ಅವುಗಳ ಮೇಲಿದ್ದ ಕೈ, ಎಡಗಾಲನ್ನು ಸ್ವಲ್ಪ ಎಳೆದು ಇಡುತ್ತಿದ್ದ ರೀತಿ, ಎಲ್ಲ ನೆನಪಾಯಿತು. ನಾನು ಅವೆಲ್ಲವನ್ನೂ ನೋಡಿದ್ದೆ. ನೋಡಿಯೂ ಗಡಿಯಾರವನ್ನೇ ನೋಡಿದ್ದೆ.

ಹಿಂತಿರುಗಿ ಬಂದಾಗ ಮೆಟ್ಟಿಲ ಬುಡದಲ್ಲಿ ಶಿವಪ್ಪನವರ ಹೆಂಡತಿ ಕಾದು ನಿಂತಿದ್ದಳು. “ಅವ್ರು ಸತ್ರೂ ಹೇಳಂಗಿಲ್ಲ, ನಾ ಹೇಳ್ತೀನಿ. ಕಟ್ಟೂ ಕೆಲಸದಾಗ ಮ್ಯಾಲಿಂದ ಬಿದ್ದು ಕಾಲು ಹೋತು. ಮೂರು ಮಾಳಿಗಿ ಹತ್ತಾಕ ಆರು ಕಡೆ ಕುಂದರ್ತಾರ. ಇಲ್ಲಿ ಕೆಳಗಿಂದು ಒಂದು ಖೋಲಿ ಖಾಲಿ ಐತಿ,” ಎಂದು ಬೀಗ ಹಾಕಿದ ಬಾಗಿಲು ತೋರಿಸಿದಳು. “ಅದನ್ನ ತಗೊಳ್ಳಾಕಂತನ ಮ್ಯಾಲಿಂದು ಮಾರೂದು. ಅದರ ಮಾಲಕ ಇಪ್ಪತ್ತೆರಡು ಸಾವಿರಕ್ಕ ಒಂದು ರೂಪಾಯಿ ಕಡಿಮಿ ಆದ್ರೂ ಕೊಡಂಗಿಲ್ಲ.”

ಮೇಲೆ ಹೋಗಿ ನಿಂತೆ. “ಶಿವಪ್ಪನವರ, ನೀವಂದಿದ್ದೇ ಖರೆ. ಎಂಟು ನಿಮಿಷನೂ ಇಲ್ಲ. ಮೊದಲಿನ ರೇಟೇ ಇರಲಿ.” ಚಿಗವ್ವ ಚೀಲದ ಹಿಡಿಕೆ ಹಿಡಿದುಕೊಂಡು ಕುಳಿತಿದ್ದಳು. ಹಣ ಆಕೆಯದು, ನನ್ನದಲ್ಲ. ನನ್ನ ಔದಾರ್ಯಕ್ಕೆ ಬೆಲೆ ಕೊಡಬೇಕಾದವಳು ಆಕೆ.

ಶಿವಪ್ಪನವರು ನಕ್ಕರು. “ನಿನ್ನ ಗಡಿಯಾರ ಸುಳ್ಳು ಹೇಳಿಲ್ಲ. ನನ್ನ ಕಾಲಿಗೆ ಹದಿನೆಂಟ. ಮಾತು ಆಡಿ ಆತು, ರೊಕ್ಕ ಹಿಡದಾತು. ಈಗ ಮ್ಯಾಲ ಎರಡು ಸಾವಿರ ತಗೊಂಡ್ರ ಅದು ಕುಂಟಂಗ ಕೊಟ್ಟಿದ್ದು ಆಗತೈತಿ.” ನನ್ನ ಕೈಯ ಪೊಟ್ಟಣ ಬಿಚ್ಚಿ, ಒಂದು ಪೇಢೆ ತೆಗೆದು ನನ್ನ ಬಾಯಿಗೇ ಇಟ್ಟರು. ಬಾಯಿ ತಗೊಂಡು ಬಾ ಎಂದು ಚಿಗವ್ವ ಹೇಳಿದ್ದಳಲ್ಲ; ಆ ಬಾಯಿ ತುಂಬಿತು.

ಬೇಡವೆಂದರೂ ಕೇಳದೆ ಕಳಿಸಲು ಕೆಳಗಿಳಿದು ಬಂದರು. ಪಕ್ಕದ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸುತ್ತ. ಬೀಗ ಹಾಕಿದ ಬಾಗಿಲ ಮುಂದೆ ಹಾಯುವಾಗ ಅವರು ಆ ಕಡೆ ನೋಡಲಿಲ್ಲ. ನಾನು ನೋಡಿದೆ.

ದರ್ಜಿಯ ಅಂಗಡಿಯಿಂದ ತಿರುಗಿ ನೋಡಿದರೆ ಅವರು ಗೇಟಿನ ಕಂಬಕ್ಕೆ ಕೈಯೂರಿ ನಿಂತೇ ಇದ್ದರು. ಗಿರಣಿಯ ಹತ್ತಿರದಿಂದ ನೋಡಿದೆ, ಹಾಗೇ ಇದ್ದರು. ನಾನು ನಿಧಾನವಾದೆ, ಏನಾದರೂ ಹೇಳಿ ಬರಬೇಕೆನಿಸಿತ್ತು.

ಚಿಗವ್ವ ನನ್ನ ರಟ್ಟೆ ಹಿಡಿದಳು. ಆಕೆ ಒಮ್ಮೆಯೂ ಹಿಂದಿರುಗಿ ನೋಡಿರಲಿಲ್ಲ.

“ಲಗೂ ಲಗೂ ನಡಿ,” ಎಂದಳು. “ನಾವು ಮರಿ ಆಗೂತನಕ ಅವರು ಮೆಟ್ಟಲ ಹತ್ತಂಗಿಲ್ಲ.”