ಒಂದು ಕೈಯಲ್ಲಿ ಟೈಟ್ರೇಶನ್

ಹುಟ್ಟುವಾಗಲೇ ನನ್ನ ಎಡಗೈ ಮೊಣಕೈವರೆಗೆ ಮಾತ್ರ ಇತ್ತು. ಎಂ.ಎಸ್ಸಿ. ಮುಗಿಸಿ ಮೂಡುಬಿದಿರೆಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವ ಕೆಲಸ ಕೇಳಿಕೊಂಡು ಹೋದಾಗ ಪ್ರಿನ್ಸಿಪಾಲರು ನನ್ನ ಅಂಕಗಳನ್ನು ಮೆಚ್ಚಿದರು. ಆಮೇಲೆ ತೋಳಿನ ಕಡೆ ನೋಡಿ, ಲ್ಯಾಬಿನಲ್ಲಿ ಆ್ಯಸಿಡ್ ಉಂಟು, ಗಾಜು ಉಂಟು, ಕಷ್ಟ ಆಗ್ಲಿಕ್ಕಿಲ್ವಾ ಎಂದು ಮೆಲ್ಲಗೆ ಕೇಳಿದರು.

“ಒಮ್ಮೆ ಮಾಡಿ ತೋರಿಸ್ತೇನೆ ಸರ್,” ಎಂದೆ.

ಹನಿಹನಿಯಾಗಿ ಬೆರೆಸಿ ದ್ರಾವಣದ ಸಾಂದ್ರತೆ ಅಳೆಯುವ ಟೈಟ್ರೇಶನ್‌ಗೆ ಎಲ್ಲರೂ ಎರಡು ಕೈ ಬಳಸುತ್ತಾರೆ. ಮೇಲಿನ ಗಾಜಿನ ಕೊಳವೆ, ಅಂದರೆ ಬ್ಯುರೆಟ್ಟಿನ ನಲ್ಲಿ ತಿರುಗಿಸಲು ಒಂದು, ಕೆಳಗಿನ ಫ್ಲಾಸ್ಕ್ ಅಲುಗಾಡಿಸಲು ಇನ್ನೊಂದು. ನಾನು ಹನಿ ಬೀಳುವಷ್ಟೇ ನಲ್ಲಿ ತೆರೆದು, ಅದೇ ಕೈಯನ್ನು ಫ್ಲಾಸ್ಕಿಗೆ ತರುತ್ತೇನೆ. ಬೆಳ್ತಂಗಡಿಯಲ್ಲಿ ಓದುವಾಗಲೇ ಅಭ್ಯಾಸ ಮಾಡಿಕೊಂಡಿದ್ದೆ. ಅಂದು ಪ್ರಿನ್ಸಿಪಾಲರ ಎದುರು ದ್ರಾವಣ ಸರಿಯಾದ ಹನಿಗೇ ತಿಳಿ ಗುಲಾಬಿಗೆ ತಿರುಗಿತು. ಕೆಲಸ ಸಿಕ್ಕಿತು.

ಸಂತೋಷದ ಜೊತೆಗೇ ಒಂದು ಹೆದರಿಕೆಯೂ ಬಂತು. ನಾನು ತಪ್ಪಿದರೆ ಇಂಥವರಿಂದ ಆಗುವುದಿಲ್ಲ ಎಂದು ಮುಂದೆ ಬರುವವರಿಗೂ ಬಾಗಿಲು ಮುಚ್ಚುತ್ತಾರೆ. ನಾನು ನೋಡಿಯೇ ಇರದ ಎಷ್ಟೋ ಜನರ ಭವಿಷ್ಯ ನನ್ನ ಬೆರಳುಗಳಲ್ಲಿದೆ ಎಂದುಕೊಂಡು, ಜ್ವರವಿದ್ದಾಗಲೂ ಬಂಟ್ವಾಳದಿಂದ ಬಸ್ ಹತ್ತಿದೆ. ಆರು ವರ್ಷ ಒಂದೂ ರಜೆ ಹಾಕಲಿಲ್ಲ.

ಏಳನೆಯ ವರ್ಷ, ತುಂಬಿದ ತರಗತಿಯ ಎದುರು, ಫ್ಲಾಸ್ಕ್ ಜಾರಿ ಚೂರಾಯಿತು. ಮಕ್ಕಳು ದೂರ ಸರಿದು ನಿಂತರು. ನನಗೆ ಕಣ್ಣು ತುಂಬಿ ಬಂತು. ಲ್ಯಾಬಿನ ಹಿರಿಯ ಅಟೆಂಡರ್ ಅಕ್ಕ ಪೊರಕೆ ಹಿಡಿದು ಬಂದು, ನನಗೆ ಮಾತ್ರ ಕೇಳುವಂತೆ ತುಳುವಿನಲ್ಲಿ ಹೇಳಿದರು: “ಈ ವರ್ಷ ನಾನೇ ಮೂರು ಒಡೆದಿದ್ದೇನೆ ಟೀಚರ್. ಅದಕ್ಕೆ ಎರಡು ಕೈ ಇರುವವರನ್ನು ಇನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಬೇಡ ಅಂತ ಯಾರಾದರೂ ಹೇಳಿದರಾ?”

ನನಗೆ ನಗು ತಡೆಯಲಾಗಲಿಲ್ಲ. ಮಕ್ಕಳೂ ನಕ್ಕರು, ಯಾಕೆಂದು ತಿಳಿಯದೆಯೇ. ಇನ್ನೊಂದು ಫ್ಲಾಸ್ಕ್ ತೆಗೆದುಕೊಂಡು ಪಾಠ ಮುಂದುವರಿಸಿದೆ.

ಕಳೆದ ವರ್ಷ ಫಿಸಿಕ್ಸ್ ಹುದ್ದೆಗೆ ಸಂದರ್ಶನ ಮಾಡುವವರಲ್ಲಿ ನಾನೂ ಇದ್ದೆ. ಊರುಗೋಲಿನ ತರುಣನೊಬ್ಬ ಬಂದು, ಹೆಸರು ಹೇಳಿ ಹೊರಗೆ ಕಾಯುತ್ತಿದ್ದ. ಆಡಳಿತ ಮಂಡಳಿಯ ಸದಸ್ಯರೊಬ್ಬರು ನನ್ನ ಕಡೆ ತಿರುಗಿ, ಇವನೂ ನಿಮ್ಮ ಹಾಗೆ ರಜೆಯೇ ಹಾಕದೆ ದುಡಿದಾನೇ ಎಂದು ಕೇಳಿದರು. ಅದು ನನಗೆ ಹೊಗಳಿಕೆ ಎಂದೇ ಅವರ ಭಾವನೆ.

“ಎಲ್ಲರ ಹಾಗೆ ಅವರೂ ರಜೆ ಹಾಕ್ತಾರೆ ಸರ್,” ಎಂದೆ. “ನನ್ನನ್ನು ಅಳತೆಗೋಲು ಮಾಡುವುದು ಬೇಡ. ಪಾಠ ಹೇಗೆ ಮಾಡ್ತಾರೆ, ಅದನ್ನು ನೋಡುವ.”

ಒಳಗೆ ಕರೆದಾಗ ಅವನು ಬೆಳಕಿನ ವಕ್ರೀಭವನ ವಿವರಿಸಿದ. ಹತ್ತು ನಿಮಿಷ ಕೊಟ್ಟಿದ್ದರು, ಅರ್ಧ ಗಂಟೆಯಾದರೂ ಯಾರೂ ನಿಲ್ಲಿಸಲಿಲ್ಲ. ಪ್ರಶ್ನೆ ಕೇಳಿದ ಸದಸ್ಯರೇ ಎದ್ದುಹೋಗಿ ನೀರಿನ ಲೋಟದಲ್ಲಿ ಪೆನ್ಸಿಲ್ ಇಟ್ಟು ಬಗ್ಗಿ ನೋಡುತ್ತಿದ್ದರು. ಸಂಜೆಯೊಳಗೆ ಅವನ ನೇಮಕವಾಯಿತು. ನನಗೆ ಕೆಲಸ ಸಿಕ್ಕಿದ ದಿನವೂ ಇಷ್ಟು ಹಗುರವಾಗಿರಲಿಲ್ಲ ನಾನು.

ಗೇಟಿನ ಬಳಿ ಅವನು ನನ್ನನ್ನು ನಿಲ್ಲಿಸಿದ. ಕೃತಜ್ಞತೆ ಹೇಳುತ್ತಾನೇನೋ ಎಂದುಕೊಂಡೆ.

“ಮೇಡಂ, ಇಲ್ಲಿ ಒಳ್ಳೆ ಬನ್ಸ್ ಎಲ್ಲಿ ಸಿಗ್ತದೆ?”

ಇಬ್ಬರೂ ಹೋಟೆಲಿಗೆ ಹೋಗಿ, ಬಾಳೆಹಣ್ಣು ಹಾಕಿ ಕರಿದ ಬಿಸಿ ಬನ್ಸ್ ಎರಡೆರಡು ತಿಂದೆವು.