ಎಲೆ ಬಿಟ್ಟು ಎದ್ದ ದಾಸಣ್ಣ

ಹಿಂದೂಪುರದ ದಾಸಣ್ಣ ರೈಲ್ವೆ ಗ್ಯಾಂಗಿನಲ್ಲಿ ಹಳಿ ರಿಪೇರಿ ಮಾಡಿ ರಿಟೈರಾದವನು. ರೈಲು ಬಂದರೆ ಗ್ಯಾಂಗಿನವರು ಪಕ್ಕಕ್ಕೆ ಸರಿದು, ಗಾಲಿಯಲ್ಲಿ ಹೊಗೆ ಇದೆಯೇ, ಅಡಿಯಲ್ಲಿ ಏನಾದರೂ ನೇತಾಡುತ್ತಿದೆಯೇ ಅಂತ ಕೊನೆಯ ಡಬ್ಬಿವರೆಗೂ ನೋಡಬೇಕು. ಎಲ್ಲ ಸರಿಯಿದ್ದರೆ ಗಾರ್ಡಿಗೆ ಕೈ ಎತ್ತಬೇಕು. ಆ ಅಭ್ಯಾಸ ಮಾತ್ರ ರಿಟೈರಾಗಲಿಲ್ಲ. ಅರ್ಧ ಗಡ್ಡ ಹೆರೆಸಿಕೊಂಡವನು ರೈಲಿನ ಕೂಗು ಕೇಳಿ ಹಾಗೇ ಎದ್ದು ಓಡಿದ್ದೂ ಉಂಟು. ಹೆಂಡತಿ ನಾರಮ್ಮ, ಅವಳ ಕೈಯ ಹುಣಸೆ ಚಿಗುರಿನ ಸಾರು ಉಂಡವರೇ ಬಲ್ಲರು, ಅದಿರಲಿ, "ತಾಳಿ ಕಟ್ಟೋವಾಗ ರೈಲು ಬರ್ಲಿಲ್ಲ, ನನ್ ಪುಣ್ಯ" ಎನ್ನುತ್ತಿದ್ದಳು.

ಮೊಮ್ಮಗಳು ಭಾರ್ಗವಿಯೂ ಪರೀಕ್ಷೆ ಬರೆದು ಗ್ಯಾಂಗಿಗೇ ಸೇರಿದಳು. ಅವಳು ಕಿತ್ತಳೆ ಜಾಕೆಟ್ ತೊಟ್ಟು ಹೊರಟ ದಿನ ದಾಸಣ್ಣ ಬೀದಿಗೆಲ್ಲ ಟೀ ಕುಡಿಸಿದ.

ಅವಳಿಗೆ ಕಲ್ಯಾಣದುರ್ಗದ ಸಂಬಂಧ ಕೂಡಿಬಂತು. ಹುಡುಗ ತಿಪ್ಪೇಶ್. ಇಬ್ಬರಿಗೂ ಮನಸ್ಸಿತ್ತು. ಅವನಪ್ಪ ಗೋವಿಂದಪ್ಪ ಬೆಳುಗುಪ್ಪಕ್ಕೆ ಸ್ವಂತ ಬಸ್ಸು ಓಡಿಸುವವನು. ಅವರ ಮನೆಯ ಹಿತ್ತಲ ಮಗ್ಗುಲಲ್ಲೇ ಹೊಸ ರೈಲು ದಾರಿ. ಮಾತುಕತೆಗೆ ಹೋದ ದಾಸಣ್ಣ, ನಾರಮ್ಮ, ಭಾರ್ಗವಿಗೆ ಊಟಕ್ಕೆ ಎಲೆ ಹಾಕಿದರು.

ಒಬ್ಬಟ್ಟಿಗೆ ತುಪ್ಪ ಬೀಳುವಾಗ ಗೋವಿಂದಪ್ಪ ಬಾಯಿ ತೆಗೆದ.

"ಮಾವ, ಮದ್ವೆ ಆದ್ಮೇಲೆ ಹುಡ್ಗಿ ಆ ಕೆಲ್ಸ ಬಿಟ್ಬುಡ್ಲಿ. ರೈಲೆಲ್ಲ ಪ್ರೈವೇಟ್ನೋರಿಗೆ ಕೊಟ್ಬುಡ್ತಾರಂತೆ. ಆಮೇಲೆ ಏನ್ ಗ್ಯಾರಂಟಿ? ಕೊಟ್ರೇ ವಾಸಿ ಬಿಡಿ. ಸರ್ಕಾರದ್ದು ಅಂದ್ರೆ ಹೇಳೋರು ಕೇಳೋರು ಇಲ್ದಿರೋ ದನ."

ಭಾರ್ಗವಿಯ ಕೈ ಎಲೆಯ ಮೇಲೇ ನಿಂತಿತು. ಅಷ್ಟರಲ್ಲಿ ರೈಲು ಕೂಗಿತು. ದಾಸಣ್ಣ ಎಂಜಲು ಕೈಯಲ್ಲೇ ಎದ್ದು ಹೊರಟ. ಹಿಂದೆಯೇ ಭಾರ್ಗವಿ.

ಪಂಕ್ತಿಯ ನಡುವೆ ಎಲೆ ಬಿಟ್ಟು ಎದ್ದರೆ ಸಂಬಂಧ ಬೇಡ ಅಂತಲೇ ಅರ್ಥ. ತುಪ್ಪ ಬಡಿಸುತ್ತಿದ್ದ ಹುಡುಗನ ತಾಯಿ ಹೇಮಾವತಿ, "ಅಯ್ಯೋ ದೇವುಡಾ, ಸಿಟ್ ಮಾಡ್ಕೊಂಡ್ಬುಟ್ರು!" ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಗೋವಿಂದಪ್ಪ ಹಿತ್ತಿಲಿಗೆ ಓಡಿ ನೋಡಿದರೆ, ತಾತ ಮೊಮ್ಮಗಳು ಗೋಡೆ ಪಕ್ಕ ನಿಂತು ಗಾಲಿ ನೋಡುತ್ತಿದ್ದಾರೆ. ಕೊನೆಯ ಡಬ್ಬಿ ದಾಟಿತು. ಇಬ್ಬರೂ ಒಟ್ಟಿಗೇ ಕೈ ಎತ್ತಿದರು. ಗಾರ್ಡು ಹಸಿರು ಬಾವುಟ ಬೀಸಿದ.

"ಸಿಟ್ಟಲ್ವಾ ಮಾವ?"

"ಎಂಥ ಸಿಟ್ಟು ಕಣಪ್ಪ? ಗಾಲಿ ನೋಡ್ಬೇಕಿತ್ತು."

"ನನ್ ಬಸ್ ಹೋದ್ರೆ ನಾನೂ ಹಿಂಗೇ ಎದ್ದೋಗಿ ಟೈರ್ ನೋಡ್ತೀನಿ. ಅದು ನಂದು. ಇದು ನಿಮ್ದಾ?"

"ನಂದೇ. ನಿಂದೂವೆ. ನೀನು ನೋಡಲ್ಲ, ಅಷ್ಟೇಯ."

ಬಾಗಿಲಲ್ಲಿ ನಿಂತಿದ್ದ ನಾರಮ್ಮ, "ಹಂಗಾದ್ರೆ ನನ್ ಪಾಲು ಮಾರ್ಬುಡಿ, ಊಟನಾದ್ರೂ ನೆಟ್ಟಗೆ ಮಾಡ್ತೀರ" ಎಂದಳು.

ಭಾರ್ಗವಿ ನಗಲಿಲ್ಲ. "ಯಾರ್ ಒಡೆಯರಾದ್ರೂ ಹಳಿ ಕಾಯೋರು ಬೇಕಲ್ವಾ ಮಾವಯ್ಯ? ನಾನ್ ಕೆಲ್ಸ ಬಿಡಲ್ಲ."

ದಾಸಣ್ಣ ಅವಳನ್ನೇ ನೋಡಿದ. ಮೀಸೆ ತಿರುವಲು ಹೋಗಿ, ಎಂಜಲು ಕೈಯೆಂದು ನೆನಪಾಗಿ ಇಳಿಸಿದ.

ಗೋವಿಂದಪ್ಪ ತಾನೂ ಗೋಡೆ ಹತ್ತಿರ ಹೋಗಿ ಹಳಿ ನೋಡಿದ. ಎದ್ದ ಎಲೆಗೆ ಮತ್ತೆ ಕೂರುವ ಪದ್ಧತಿಯಿಲ್ಲ. ಅವನು ಒಳಕ್ಕೆ ಕೂಗಿ ಹೇಳಿದ:

"ಹೇಮಾ, ಇಬ್ರಿಗೂ ಹೊಸ ಎಲೆ ಹಾಕು. ಸೊಸೇದು ಹಿತ್ಲು ಬಾಗ್ಲ ಕಡೆ ಹಾಕು. ಏಳಕ್ಕೆ ಸಲೀಸಾಗ್ತದೆ."