ನೀರಿಗೆ ಯಾರೂ ಇಳಿಯದ ದಿನ

ಪಕ್ಕದ ಮನೆ ಅಕ್ಕನ ಎರಡೂ ಹೆಬ್ಬೆರಳಿಗೆ ಸದಾ ಕೆಂಪು ನೂಲು ಸುತ್ತಿರುತ್ತಿತ್ತು. ಡ್ರೋನ್ ಹಾರಿಸುವಾಗ ಬೆವರಿಗೆ ರಿಮೋಟಿನ ಕಡ್ಡಿ ಜಾರಬಾರದಲ್ಲ! ನೂಲು ನಮ್ಮ ಮಗ್ಗದ್ದೇ. ಕೇಳದೆ ಕಿತ್ತುಕೊಂಡು ಹೋಗುತ್ತಿದ್ದಳು.

ನಮ್ಮದು ತಮಿಳು ಸೀಮೆಯ ನೆಗಮಂ, ಮನೆಯಲ್ಲಿ ಕನ್ನಡ ಆಡುವ ನೇಕಾರರು ನಾವು. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು. ನನ್ನ ಕೈಯ ಸೀರೆ ಒಮ್ಮೆ ಉಟ್ಟವರು ಇನ್ನೊಂದಕ್ಕೆ ಹುಡುಕಿಕೊಂಡು ಬರುತ್ತಾರೆ. ಅಕ್ಕ ಮಾತ್ರ ಮಗ್ಗ ಬಿಟ್ಟು, ಆನೈಮಲೈ ಕಡೆಯ ತೆಂಗಿನ ತೋಟಗಳಿಗೆ ಡ್ರೋನಿನಿಂದ ಔಷಧಿ ಹೊಡೆಯುವ ಕೆಲಸ ಹಿಡಿದಳು.

"ಏನಕ್ಕಾ, ಈ ವಯಸ್ಸಲ್ಲಿ ಗಾಳಿಪಟನಾ?" ಎಂದರೆ, "ನೀ ಕೂತಲ್ಲೇ ಬೇರು ಬಿಡು ತಂಬಿ, ನಾ ತೆಂಗಿನ ನೆತ್ತಿ ನೋಡ್ಕಂಡ್ ಬತ್ತೀನಿ" ಎನ್ನುತ್ತಿದ್ದಳು. ಹಾರಿಸುವ ಮುನ್ನ ಎಲ್ಲರನ್ನೂ ದೂರ ನಿಲ್ಲಿಸುವಳು. ಹತ್ತಿರ ಬಂದವನು ತೋಟದ ಯಜಮಾನನಾದರೂ ಬೈಗುಳ ತಪ್ಪುತ್ತಿರಲಿಲ್ಲ.

ಒಂದು ಭಾನುವಾರ ನಾನೂ ನನ್ನ ತಮ್ಮನೂ ಅವಳ ವ್ಯಾನಿನಲ್ಲೇ ಮಾಸಾಣಿ ಅಮ್ಮನ ಗುಡಿಗೆ ಹೋದೆವು. ನಮ್ಮನ್ನಿಳಿಸಿ ಅಕ್ಕ ತೋಟಕ್ಕೆ ಹೋದಳು. ತಮ್ಮ ಮೀಯಲು ಗುಡಿಯ ಹತ್ತಿರದ ಹೊಳೆಗಿಳಿದ. ಬೆಟ್ಟದಲ್ಲೆಲ್ಲೋ ಮಳೆಯಾಗಿತ್ತು, ನೋಡನೋಡುತ್ತ ಕೆಂಪು ನೀರು ಏರಿತು. ಅವನು ನಡುಹೊಳೆಯ ಬಂಡೆ ಹತ್ತಿ ನಿಂತ. ನಾನು ಫೈರ್ ಸರ್ವಿಸಿಗೂ ಅಕ್ಕನಿಗೂ ಫೋನ್ ಮಾಡಿದೆ.

ಫೈರ್‌ಮ್ಯಾನ್ ಒಬ್ಬ ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ಕಾಲಿಡುವಷ್ಟರಲ್ಲಿ ಅಕ್ಕನ ವ್ಯಾನು ಬಂತು. "ಅಣ್ಣಾ, ಇರುಂಗ, ಇರುಂಗ! ಇಳೀಬೇಡಿ!" ಅಂಗಿ ಬಿಚ್ಚುತ್ತಿದ್ದ ನನ್ನನ್ನೂ ಹಿಂದಕ್ಕೆ ನೂಕಿದಳು: "ನೀನೆಲ್ಲಿಗೋ? ಒಬ್ಬನ್ನ ತರಕ್ ಹೋಗಿ ಇನ್ನಿಬ್ರನ್ನ ಹೊಳೆಗೆ ಕೊಡ್ತೀರಾ?"

ಔಷಧಿಯ ಟ್ಯಾಂಕ್ ಕಳಚಿ, ಅಲ್ಲಿಗೆ ಫೈರ್ ಸರ್ವಿಸಿನವರ ಲೈಫ್ ಜಾಕೆಟ್ಟನ್ನೂ ಸಣ್ಣ ಹಗ್ಗದ ತುದಿಯನ್ನೂ ಕಟ್ಟಿ ಡ್ರೋನ್ ಏರಿಸಿದಳು. ಗಾಳಿ ಅದನ್ನು ಪಕ್ಕಕ್ಕೆ ತಳ್ಳಿತು. ತಮ್ಮ ಹಿಡಿಯಲು ಬಾಗಿದ.

"ಕೂರಕ್ ಹೇಳೋ ಅವಂಗೆ! ನಾನೇ ಕೈಗೆ ಕೊಡ್ತೀನಿ" ಎಂದು ಅಕ್ಕ ಡ್ರೋನನ್ನು ಹಿಂದೆಳೆದಳು. ನಾವೆಲ್ಲ ಕೈಬೀಸಿ ಅವನನ್ನು ಕೂರಿಸಿದೆವು. ಎರಡನೆಯ ಸಲ ಅದು ಸರಿಯಾಗಿ ಅವನ ಎದೆಯ ಮುಂದೆ ಬಂದು ನಿಂತಿತು. ಜಾಕೆಟ್ ತೊಟ್ಟ. ಸಣ್ಣ ಹಗ್ಗ ಎಳೆದು, ಅದರ ಹಿಂದೆ ಬಂದ ದಪ್ಪ ಹಗ್ಗವನ್ನು ಮೈಗೆ ಕಟ್ಟಿಕೊಂಡ. ದಡದಿಂದ ಎಲ್ಲರೂ ಸೇರಿ ಎಳೆದೆವು. ಒಮ್ಮೆ ಮುಳುಗಿದ, ಎದ್ದ, ನನ್ನ ಕೈಗೆ ಸಿಕ್ಕ. ದಡವೆಲ್ಲ ಶಿಳ್ಳೆ, ಕೇಕೆ!

ನೀರಿಗಿಳಿಯಲು ಹೊರಟಿದ್ದ ಫೈರ್‌ಮ್ಯಾನ್ ತನ್ನ ಹೆಲ್ಮೆಟ್ ತೆಗೆದು ಅಕ್ಕನ ತಲೆಗಿಟ್ಟು ತಮಿಳಿನಲ್ಲಿ ಹೇಳಿದ: "ನಿಮ್ಮ ತಂಬಿ ಮಾತ್ರ ಅಲ್ಲಮ್ಮಾ, ನಾನೂ ಇವತ್ತು ಮನೆ ಸೇರ್ತೀನಿ."

ಈಗ ಹೊಳೆ ಏರಿದರೆ ಫೈರ್ ಸರ್ವಿಸಿನವರು ಮೊದಲು ಫೋನ್ ಮಾಡುವುದು ಅಕ್ಕನಿಗೆ. ಇದನ್ನು ಬರೆಯುತ್ತಿರುವಾಗ ಪಕ್ಕದ ಮಗ್ಗದಲ್ಲಿ ತಮ್ಮನ ಲಾಳಿ ಓಡುತ್ತಿದೆ. ಅವನನ್ನು ನನಗೆ ಒಂದು ಸಲ ಅವ್ವ ಕೊಟ್ಟಳು, ಇನ್ನೊಂದು ಸಲ ಅಕ್ಕ.